ಗಡಿಯಾಚೆಯ ಬೆಟ್ಟ



ವಯನಾಡಿನಿಂದ ಹಿರಿಯ ಓದುಗರೊಬ್ಬರು ನಮಗೊಂದು ದೀರ್ಘ ಪತ್ರ ಬರೆದಿದ್ದಾರೆ. ಅವರ ನೆರೆಮನೆಯವರು ಅಜ್ಜನ ಕಾಲಕ್ಕೆ ತಿರುವಾಂಕೂರಿನಿಂದ ಘಟ್ಟ ಹತ್ತಿ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರು, ಮಲಂಕರ ಆರ್ಥೊಡಾಕ್ಸ್ ಪಂಗಡದವರು. ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಅವರು ಮಲಯಾಳಂ ಪತ್ರಿಕೆಯನ್ನೂ ಇವರು ಕನ್ನಡ ಪತ್ರಿಕೆಯನ್ನೂ ಓದಿ, ಸುದ್ದಿಗಳನ್ನು ವಿನಿಮಯ ಮಾಡಿಕೊಳ್ಳುವುದು ಹಲವು ವರ್ಷಗಳ ರೂಢಿಯಂತೆ. ಆರ್ಮೇನಿಯ ಮತ್ತು ಅಜರ್ಬೈಜಾನ್ ದೇಶಗಳ ಕಲಹದ ವಿಷಯದಲ್ಲಿ ಈ ಮಿತ್ರರಿಬ್ಬರಿಗೂ ಭಿನ್ನಾಭಿಪ್ರಾಯ ಬಂದಿದೆ. ಇದು ಕ್ರೈಸ್ತರಿಗೂ ಮುಸಲ್ಮಾನರಿಗೂ ನಡೆದ ಧರ್ಮಯುದ್ಧವೆಂದು ನೆರೆಯವರ ವಾದ. ಧರ್ಮದ ಹೆಸರು ಹೇಳಿ ನಡೆಸಿದ ನೆಲದ ಜಗಳವೆಂದು ನಮ್ಮ ಓದುಗರ ವಾದ. ನಾವು ತೀರ್ಪು ಹೇಳಬೇಕಂತೆ.

ತೀರ್ಪು ಹೇಳುವ ಪೀಠ ನಮ್ಮದಲ್ಲ. ಆದರೆ ಗಡಿಯ ಆಚೆಗೆ ಉಳಿದವರ ಸಂಗತಿಯೆಂದರೆ ನಮಗೆ ಸಹಜವಾಗಿಯೇ ಕಿವಿ ನೆಟ್ಟಗಾಗುತ್ತದೆ. ಆದ್ದರಿಂದ ಈ ತಿಂಗಳ ಪುಟವನ್ನು ಆ ದೂರದ ನಾಡಿಗೇ ಮೀಸಲಿಡೋಣ.

ಆರ್ಮೇನಿಯದ ರಾಜಧಾನಿ ಯೆರೆವಾನ್. ಆಕಾಶ ತಿಳಿಯಾಗಿರುವ ದಿನ ಅಲ್ಲಿನ ಮನೆಗಳ ಕಿಟಕಿ ತೆರೆದರೆ ದಕ್ಷಿಣದ ಕಡೆಗೆ ಹಿಮ ಹೊದ್ದ ಮಹಾಪರ್ವತವೊಂದು ಕಾಣಿಸುತ್ತದೆ. ಅದೇ ಅರಾರತ್, ಎತ್ತರ ಐದು ಸಾವಿರ ಮೀಟರಿಗೂ ಮಿಕ್ಕಿದ್ದು. ಜಲಪ್ರಳಯದ ತರುವಾಯ ನೋಹನ ನಾವೆ ಬಂದು ನಿಂತದ್ದು ಈ ಬೆಟ್ಟದ ಮೇಲೆ ಎಂಬುದು ಪರಂಪರೆಯ ನಂಬಿಕೆ. ಆರ್ಮೇನಿಯದ ರಾಜಲಾಂಛನದ ನಡುವೆ ಇರುವುದು ಈ ಬೆಟ್ಟದ ಚಿತ್ರ. ಆದರೆ ಬೆಟ್ಟವಿರುವುದು ತುರ್ಕಿಯಲ್ಲಿ. 1921ರ ಮಾಸ್ಕೋ ಮತ್ತು ಕಾರ್ಸ್ ಒಪ್ಪಂದಗಳು ಗಡಿಯ ಗೆರೆಯನ್ನು ಬೆಟ್ಟದ ಈಚೆಗೆ ಎಳೆದುವು. 1993ರಲ್ಲಿ ತುರ್ಕಿಯು ಆ ಗಡಿಯನ್ನು ಮುಚ್ಚಿತು. ದಿನವೂ ಕಣ್ಣಿಗೆ ಬೀಳುವ ಬೆಟ್ಟದ ಬುಡವನ್ನು ಮುಟ್ಟಬೇಕಾದರೆ ಯೆರೆವಾನಿನ ಮನುಷ್ಯನು ಜಾರ್ಜಿಯ ದೇಶವನ್ನು ಸುತ್ತಿಕೊಂಡು ಹೋಗಬೇಕಾಯಿತು.

ನಿಮ್ಮ ದೇಶದಲ್ಲಿಲ್ಲದ ಬೆಟ್ಟವನ್ನು ಲಾಂಛನದಲ್ಲಿಟ್ಟುಕೊಂಡದ್ದೇಕೆ ಎಂದು ಹಿಂದೆ ತುರ್ಕರು ಆಕ್ಷೇಪಿಸಿದಾಗ, ನಿಮ್ಮ ಬಾವುಟದಲ್ಲಿ ಚಂದ್ರನಿದ್ದಾನಲ್ಲ, ಅವನೇನು ನಿಮ್ಮ ಆಸ್ತಿಯೇ ಎಂದು ಸೋವಿಯತ್ ಕಡೆಯವರು ಮರುನುಡಿದರೆಂಬ ಕಥೆಯುಂಟು. ಕಥೆ ನಿಜವಿರಲಿ ಸುಳ್ಳಿರಲಿ, ಆರ್ಮೇನಿಯನ್ನರು ಅದನ್ನು ಹೇಳಿಕೊಂಡು ಸಮಾಧಾನಪಟ್ಟಿದ್ದಾರೆ. ನಮ್ಮ ಕಾಸರಗೋಡಿನವರಿಗೆ ಈ ಬಗೆಯ ಸಮಾಧಾನದ ರುಚಿ ಗೊತ್ತು. ರಾಷ್ಟ್ರಕವಿ ಗೋವಿಂದ ಪೈಯವರ ಮನೆಯಿರುವ ಮಂಜೇಶ್ವರವು 1956ರಿಂದ ಕೇರಳದಲ್ಲಿದೆ. ಯೇಸುವಿನ ಕೊನೆಯ ದಿನವನ್ನು ಕುರಿತು ಕನ್ನಡದಲ್ಲಿ 'ಗೊಲ್ಗೊಥಾ' ಕಾವ್ಯ ಬರೆದ ಕೈ ಅದೇ ಊರಿನದು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ನಮ್ಮದು ಬಸ್ಸು ದಾಟುವ ಗಡಿ. ತಲಪಾಡಿಯಲ್ಲಿ ನಾವು ಬೇಸರಪಟ್ಟದ್ದುಂಟು, ಪ್ರಾಣಭಯಪಟ್ಟದ್ದಿಲ್ಲ.

ಇನ್ನು ಆ ಜನರ ಧರ್ಮದ ವಿಚಾರ. ಅರಾರತ್ ಬಯಲಿನಲ್ಲಿ, ತುರ್ಕಿಯ ಗಡಿಗೆ ತೀರ ಸಮೀಪದಲ್ಲಿ, ಖೋರ್ ವಿರಾಪ್ ಎಂಬ ಮಠವಿದೆ. ಆ ಹೆಸರಿನ ಅರ್ಥವೇ ಆಳವಾದ ಕುಳಿ. ತಿರ್ದತ್ ಎಂಬ ಅರಸನು ಗ್ರೆಗೊರಿ ಎಂಬ ಕ್ರೈಸ್ತ ಸಾಧುವನ್ನು ಆ ಕುಳಿಯಲ್ಲಿ ಹದಿಮೂರು ವರ್ಷ ಕೆಡವಿಟ್ಟಿದ್ದನೆಂದೂ, ಬಳಿಕ ತನಗೊದಗಿದ ಘೋರ ವ್ಯಾಧಿಯನ್ನು ಅದೇ ಸಾಧುವಿನಿಂದ ವಾಸಿಮಾಡಿಸಿಕೊಂಡು ಕ್ರೈಸ್ತಧರ್ಮವನ್ನು ರಾಜ್ಯದ ಧರ್ಮವಾಗಿ ಸ್ವೀಕರಿಸಿದನೆಂದೂ ಪುರಾಣೋಕ್ತಿ. ಪರಂಪರೆ ಹೇಳುವ ವರ್ಷ 301. ಈಚಿನ ಇತಿಹಾಸಕಾರರಲ್ಲಿ ಹಲವರು 314ರ ಸುಮಾರು ಎನ್ನುತ್ತಾರೆ. ಹೇಗೇ ಆಗಲಿ, ರೋಮ್ ಸಾಮ್ರಾಜ್ಯಕ್ಕಿಂತ ಮುಂಚೆಯೇ ಕ್ರೈಸ್ತರಾಜ್ಯವೆನಿಸಿಕೊಂಡದ್ದು ಈ ಪುಟ್ಟ ನಾಡು.

ಇದಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು ಮುಂದಿನ ಶತಮಾನದ ಸಂಗತಿ. ಧರ್ಮವೇನೋ ಬಂತು, ಇಗರ್ಜಿಯಲ್ಲಿ ಓದುವ ಗ್ರಂಥ ಮಾತ್ರ ಗ್ರೀಕಿನಲ್ಲಿಯೋ ಸುರಿಯಾನಿಯಲ್ಲಿಯೋ ಇತ್ತು. ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಆಗ ಮೆಸ್ರೋಪ್ ಮಷ್ತೋತ್ಸ್ ಎಂಬ ಸನ್ಯಾಸಿಯು 405ರ ಹೊತ್ತಿಗೆ ತನ್ನ ಭಾಷೆಗೆ 36 ಅಕ್ಷರಗಳ ಲಿಪಿಯೊಂದನ್ನು ಕಲ್ಪಿಸಿ ಬೈಬಲ್ಲನ್ನು ಅನುವಾದಿಸಲು ತೊಡಗಿದನು. ನಮ್ಮ ಹಲ್ಮಿಡಿಯ ಶಾಸನವು ಸುಮಾರು 450ರದೆಂದು ಬಹುಮಂದಿ ವಿದ್ವಾಂಸರ ಮತ. ಅಂದರೆ ಅಲ್ಲಿ ಒಬ್ಬ ಸನ್ಯಾಸಿ ಅಕ್ಷರ ತಿದ್ದುತ್ತಿದ್ದ ಶತಮಾನದಲ್ಲಿಯೇ ಇಲ್ಲಿ ನಮ್ಮವನೊಬ್ಬನು ಕಲ್ಲಿನ ಮೇಲೆ ಕನ್ನಡವನ್ನು ಕೆತ್ತುತ್ತಿದ್ದನು. 451ರಲ್ಲಿ ಕಾಲ್ಸೆಡನ್ ಎಂಬಲ್ಲಿ ಸೇರಿದ ಕ್ರೈಸ್ತ ಮಹಾಸಭೆಯ ನಿರ್ಣಯವನ್ನು ಆರ್ಮೇನಿಯದ ಸಭೆ ಒಪ್ಪಲಿಲ್ಲ; ಈಜಿಪ್ಟಿನ ಕೊಪ್ಟರೂ ಇಥಿಯೋಪಿಯದವರೂ ಸುರಿಯಾನಿಗಳೂ ಒಪ್ಪಲಿಲ್ಲ. ಈ ಒಪ್ಪದವರ ಕುಟುಂಬಕ್ಕೇ ಮಲಂಕರ ಆರ್ಥೊಡಾಕ್ಸ್ ಸಭೆಯೂ ಸೇರಿದೆ. ಆದ್ದರಿಂದ ನಮ್ಮ ಓದುಗರ ನೆರೆಯವರು ಆರ್ಮೇನಿಯದ ಸುದ್ದಿ ಓದಿ ಮನನೊಂದುಕೊಂಡರೆ ಅದು ಅನ್ಯರ ವಿಷಯದಲ್ಲಿ ತೋರುವ ಕುತೂಹಲವಲ್ಲ, ದಾಯಾದಿಗಳ ಮನೆಯ ಸೂತಕ.

ರಾಜ್ಯವು ಬಹುಕಾಲ ಉಳಿಯಲಿಲ್ಲ. ಆನಿ ಎಂಬ ಮಹಾನಗರವಿತ್ತು. ಅಲ್ಲಿನ ಪ್ರಧಾನ ಇಗರ್ಜಿಯನ್ನು 1001ರಲ್ಲಿ ಮುಗಿಸಿದ ಶಿಲ್ಪಿ ತ್ರ್ದಾತ್ ಎಂಬವನೇ ಭೂಕಂಪದಲ್ಲಿ ಬಿರುಕುಬಿಟ್ಟ ಕಾನ್‌ಸ್ಟಾಂಟಿನೋಪಲಿನ ಹಾಗಿಯಾ ಸೋಫಿಯಾದ ಗುಮ್ಮಟವನ್ನೂ ರಿಪೇರಿ ಮಾಡಿದವನು. 1045ರಲ್ಲಿ ಬಿಜಾಂಟಿಯದವರೂ 1064ರಲ್ಲಿ ಸೆಲ್ಜುಕರೂ ಆನಿಯನ್ನು ವಶಪಡಿಸಿಕೊಂಡರು. ಕಡಲಂಚಿನ ಸಿಲಿಷಿಯದಲ್ಲಿದ್ದ ಇನ್ನೊಂದು ಆರ್ಮೇನಿಯ ರಾಜ್ಯವೂ 1375ರಲ್ಲಿ ಅಳಿಯಿತು. ಅಲ್ಲಿಂದ 1918ರ ವರೆಗೆ ಆ ಜನಕ್ಕೆ ಸ್ವಂತವಾದ ಸ್ವತಂತ್ರ ರಾಜ್ಯವೇ ಇರಲಿಲ್ಲ. ಅರಸನಿಲ್ಲದ ನಾಡಿನಲ್ಲಿ ಧರ್ಮಗುರುವೇ ಹಿರಿಯ, ಮಠವೇ ಶಾಲೆ, ಓಲೆಗಳ ಪೆಟ್ಟಿಗೆಯೇ ಬೊಕ್ಕಸ. ಅಲ್ಲಿ ಇಗರ್ಜಿ ಎಂದರೆ ಬರಿಯ ಪ್ರಾರ್ಥನೆಯ ಮನೆಯಲ್ಲ. ಆ ಜನಾಂಗದ ಜಮಾಬಂದಿಯ ಪುಸ್ತಕವೂ ಅದೇ. ಮುಂದಿನ ಜಗಳವೆಲ್ಲ ತಿಳಿಯಬೇಕಾದರೆ ಈ ಒಂದಂಶ ನೆನಪಿನಲ್ಲಿರಬೇಕು.

1915ರಲ್ಲಿ ಆಟೊಮನ್ ಸಾಮ್ರಾಜ್ಯದ ಆರ್ಮೇನಿಯನ್ನರ ಮೇಲೆ ನಡೆದುದನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ಸತ್ತವರು ಆರು ಲಕ್ಷದಿಂದ ಹದಿನೈದು ಲಕ್ಷದ ವರೆಗೆ ಎಂದು ಅಂದಾಜುಗಳಿವೆ. ಇದು ಜನಾಂಗದ ಕಗ್ಗೊಲೆಯೆಂದು ಬಹುಪಾಲು ಇತಿಹಾಸಕಾರರೂ, 2021ರಲ್ಲಿ ಅಮೆರಿಕದ ಅಧ್ಯಕ್ಷರೂ ಹೇಳಿದರು. ತುರ್ಕಿಯು ಆ ಶಬ್ದವನ್ನು ಒಪ್ಪಿಲ್ಲ. ಆ ದಿನಗಳ ಒಂದು ಘಟನೆಯನ್ನು ಮಾತ್ರ ಹೇಳುತ್ತೇವೆ. ಮುಷ್ ಎಂಬ ಪ್ರಾಂತದ ಮಠವೊಂದರಲ್ಲಿ 1200ರ ಸುಮಾರಿಗೆ ಬರೆದ ಉಪದೇಶಗಳ ಒಂದು ಹೆಗ್ಗ್ರಂಥವಿತ್ತು. ಕರುವಿನ ಚರ್ಮದ ಹಾಳೆಗಳು. ತೂಕ ಸುಮಾರು 28 ಕಿಲೋ. ಓಡಿಹೋಗುತ್ತಿದ್ದ ಇಬ್ಬರು ಹೆಂಗಸರಿಗೆ ಪಾಳುಬಿದ್ದ ಮಠದಲ್ಲಿ ಅದು ಸಿಕ್ಕಿತು. ಒಬ್ಬರಿಂದ ಹೊರಲಾಗದೆ ಎರಡು ಭಾಗಮಾಡಿ ಒಬ್ಬೊಬ್ಬರು ಒಂದೊಂದನ್ನು ಹೊತ್ತು ನಡೆದರು. ಒಂದು ಭಾಗ ಎಚ್ಮಿಯಾಡ್ಜಿನ್ ಮಠವನ್ನು ಮುಟ್ಟಿತು. ಮತ್ತೊಬ್ಬಾಕೆ ತನ್ನ ಪಾಲನ್ನು ಎರ್ಜುರೂಮಿನಲ್ಲಿ ಹೂತಿಟ್ಟಳು. ಅದು ತರುವಾಯ ದೊರೆತು ಜೊತೆಗೂಡಿತು. ಇಂದು ಆ ಗ್ರಂಥವು ಯೆರೆವಾನಿನ ಮತೆನಾದರಾನ್ ಎಂಬ ಹಸ್ತಪ್ರತಿ ಭಂಡಾರದಲ್ಲಿದೆ. ಮನೆಮಠ ಬಿಟ್ಟು ಓಡುವಾಗ ರೊಟ್ಟಿಯ ಗಂಟನ್ನಲ್ಲದೆ ಹದಿನಾಲ್ಕು ಕಿಲೋ ಪುಸ್ತಕವನ್ನು ಹೊತ್ತವರ ಮನಸ್ಸು ಎಂಥದಿರಬಹುದೆಂದು ಯೋಚಿಸಿ ನಾವು ಹಲವು ಬಾರಿ ನಿಂತಲ್ಲಿಯೇ ನಿಂತಿದ್ದೇವೆ.

ಇಷ್ಟು ದೂರದ ಜನದ ಗುರುತು ನಮ್ಮ ದಕ್ಷಿಣ ದೇಶದಲ್ಲಿಯೂ ಉಂಟು. ಕೆಲವು ವರ್ಷಗಳ ಹಿಂದೆ ಮುದ್ರಣದ ಕೆಲಸಕ್ಕಾಗಿ ಚೆನ್ನೈಗೆ ಹೋದಾಗ ಜಾರ್ಜ್ ಟೌನಿನ ಆರ್ಮೇನಿಯನ್ ಬೀದಿಯಲ್ಲಿ ನಡೆದಿದ್ದೆವು. ತಮಿಳಿನಲ್ಲಿ ಅದನ್ನು 'ಅರಣ್ಮನೈಕಾರನ್ ತೆರು' ಎನ್ನುತ್ತಾರೆ. ಅರ್ಮೇನಿಯದವನು ಜನರ ಬಾಯಲ್ಲಿ ಅರಮನೆಯವನಾಗಿಬಿಟ್ಟ! ಬೀದಿಯ ಗದ್ದಲದ ನಡುವೆ ಒಂದು ಬಾಗಿಲು. ಒಳಗೆ ಹೋದರೆ ನಿಶ್ಶಬ್ದವಾದ ಅಂಗಳ, ದೇವಕಣಗಿಲೆಯ ಮರಗಳು, ಬೇರೆಯಾಗಿ ನಿಂತ ಗಂಟೆಯ ಗೋಪುರ. 1772ರಲ್ಲಿ ಕಟ್ಟಿದ ಇಗರ್ಜಿ ಅದು. ನೆಲಕ್ಕೆ ಹಾಸಿದ ಗೋರಿಕಲ್ಲುಗಳ ಮೇಲೆ ಮೆಸ್ರೋಪನ ಅಕ್ಷರಗಳು. ನಮಗೆ ಒಂದೂ ಓದಲು ಬಾರದು. ಆದರೂ ಚಪ್ಪಲಿ ಬಿಟ್ಟು ಕಲ್ಲು ತಪ್ಪಿಸಿ ಕಾಲಿಡುತ್ತ ನಡೆದೆವು. ಅಲ್ಲಿ ಈಗ ಸ್ಥಳೀಯ ಆರ್ಮೇನಿಯನ್ ಸಮುದಾಯವಿಲ್ಲ. ಕಲ್ಕತ್ತೆಯ ಆರ್ಮೇನಿಯನ್ ಸಭೆಯವರು ಅದನ್ನು ನೋಡಿಕೊಳ್ಳುತ್ತಾರೆ.

ಈ ಅಂಗಳದಲ್ಲಿ ಹರುತ್ಯೂನ್ ಷ್ಮವೋನ್ಯಾನ್ ಎಂಬ ಪಾದ್ರಿಯ ಸಮಾಧಿಯಿದೆ. ಶಿರಾಜಿನವನು. ಮದರಾಸಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಒಂದೇ ವಾರದಲ್ಲಿ ಕಳೆದುಕೊಂಡವನು. 1794ರಲ್ಲಿ ಅವನು ಹೊರಡಿಸಿದ 'ಅಜ್ದರಾರ್' ಎಂಬ ಪತ್ರಿಕೆಯೇ ಜಗತ್ತಿನಲ್ಲಿ ಆರ್ಮೇನಿಯನ್ ಭಾಷೆಯ ಮೊತ್ತಮೊದಲ ಪತ್ರಿಕೆ. ಹದಿನೆಂಟು ಸಂಚಿಕೆ ಬಂದು ನಿಂತಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗನು ಜರ್ಮನಿಯಿಂದ ನಮ್ಮೂರಿಗೆ ಬಂದ ಪಾದ್ರಿ. ಅವರ ಮೊದಲ ಪತ್ರಿಕೆಯನ್ನು ಅವರದೇ ಪಾದ್ರಿಯು ಪರದೇಶದಲ್ಲಿ ಕುಳಿತು ಹೊರಡಿಸಬೇಕಾಯಿತು. ಇನ್ನೂ ಸೋಜಿಗದ ಸಂಗತಿಯೊಂದುಂಟು. 1773 ಎಂಬ ವರ್ಷವನ್ನು ಹೊತ್ತ ಒಂದು ಪುಸ್ತಕವು ಇದೇ ಮದರಾಸಿನಲ್ಲಿ ಅಚ್ಚಾಯಿತು: ಆಗ ಎಲ್ಲಿಯೂ ಇರದಿದ್ದ ಆರ್ಮೇನಿಯ ರಾಜ್ಯಕ್ಕೊಂದು ಸಂವಿಧಾನ. ಷಹಾಮಿರ್ ಎಂಬ ವರ್ತಕನ ಮನೆಯ ಮುದ್ರಣಾಲಯದ ಕೆಲಸ. ಗಡಿಯಾಚೆಯ ಪತ್ರಿಕೆ ನಡೆಸುವ ನಮಗೆ ಆ ವರ್ತಕನ ಹುಚ್ಚು ತೀರ ಹುಚ್ಚೆಂದು ತೋರುವುದಿಲ್ಲ.

ಮದರಾಸಿಗೆ ಬಂದ ಈ ವರ್ತಕರ ಮೂಲವನ್ನು ಹಿಡಿದು ಹೊರಟರೆ ನಾವು ಮತ್ತೆ ಇಂದಿನ ರಾಜಕಾರಣಕ್ಕೇ ಬಂದು ತಲುಪುತ್ತೇವೆ. ಇವರು ಇಸ್ಫಹಾನಿನ ನವ ಜುಲ್ಫಾದವರು. ಹಳೆಯ ಜುಲ್ಫಾ ಅರಸ್ ನದಿಯ ದಂಡೆಯ ಮೇಲಿತ್ತು. ಪರ್ಷಿಯದ ಷಾ ಅಬ್ಬಾಸನು 1604ರ ಸುಮಾರಿಗೆ ಊರಿಗೆ ಊರನ್ನೇ ಎಬ್ಬಿಸಿ ತನ್ನ ರಾಜಧಾನಿಗೆ ಒಯ್ದನು. ಹೋದವರು ಬಿಟ್ಟುಹೋದದ್ದು ಸ್ಮಶಾನವನ್ನು. ಅಲ್ಲಿ ಸಾವಿರಾರು ಶಿಲುಬೆಗಲ್ಲುಗಳಿದ್ದುವು. ಖಚ್ಕಾರ್ ಎಂದು ಹೆಸರು. ನಮ್ಮ ವೀರಗಲ್ಲಿನಂತೆ ನೆಟ್ಟಗೆ ನಿಲ್ಲಿಸಿದ ಚಪ್ಪಡಿ, ನಡುವೆ ಶಿಲುಬೆ, ಸುತ್ತ ಕಸೂತಿಯಂತಹ ಕೆತ್ತನೆ. ಸೋವಿಯತ್ ಕಾಲದಲ್ಲಿ ಆ ಸ್ಥಳ ಅಜರ್ಬೈಜಾನಿನ ನಖ್ಚಿವಾನ್ ಪ್ರಾಂತಕ್ಕೆ ಸೇರಿತು. 1998ರಿಂದ ಕಲ್ಲುಗಳನ್ನು ಉರುಳಿಸತೊಡಗಿದರು. 2005ರ ಡಿಸೆಂಬರಿನಲ್ಲಿ ಸೈನಿಕರು ಉಳಿದ ಕಲ್ಲುಗಳನ್ನು ಪುಡಿಮಾಡಿ ನದಿಗೆ ಸುರಿಯುತ್ತಿದ್ದುದನ್ನು ಎದುರು ದಂಡೆಯಿಂದ, ಇರಾನಿನ ನೆಲದಿಂದ, ಚಿತ್ರೀಕರಿಸಲಾಯಿತು. ಅಮೆರಿಕದ ವಿಜ್ಞಾನ ಸಂಸ್ಥೆಯೊಂದು 2010ರಲ್ಲಿ ಉಪಗ್ರಹದ ಚಿತ್ರಗಳನ್ನು ಹೋಲಿಸಿ ಸ್ಮಶಾನ ಇಲ್ಲವಾದುದನ್ನು ತೋರಿಸಿತು. ಅಂಥ ಸ್ಮಶಾನವೇ ಅಲ್ಲಿರಲಿಲ್ಲವೆಂದು ಅಜರ್ಬೈಜಾನಿನ ನಿಲುವು.

ನಖ್ಚಿವಾನಿನಲ್ಲಿ ಕಲ್ಲು ಒಡೆದರೆ ಕರಬಾಖಿನಲ್ಲಿ ಕಲ್ಲಿನ ಹೆಸರನ್ನೇ ಬದಲಿಸುವ ಪ್ರಯತ್ನ ನಡೆಯಿತು. ಪ್ರಾಚೀನ ಕಾಲದಲ್ಲಿ ಆ ಭಾಗದಲ್ಲಿ ಕಾಕೇಸಿಯದ ಅಲ್ಬೇನಿಯ ಎಂಬ ಕ್ರೈಸ್ತರಾಜ್ಯವಿದ್ದುದು ನಿಜ. (ಯುರೋಪಿನ ಅಲ್ಬೇನಿಯಕ್ಕೂ ಇದಕ್ಕೂ ಸಂಬಂಧವಿಲ್ಲ.) ಅದಕ್ಕೂ ಸ್ವಂತ ಲಿಪಿಯಿತ್ತು, ಸಿನಾಯ್ ಬೆಟ್ಟದ ಮಠದಲ್ಲಿ ಒರಸಿ ಮೇಲೆ ಬೇರೆ ಬರೆದ ಚರ್ಮದ ಹಾಳೆಗಳ ಅಡಿಯಲ್ಲಿ ಆ ಲಿಪಿಯ ಬರಹ ದೊರೆತು 2008ರಲ್ಲಿ ಪ್ರಕಟವಾಯಿತು. ಅವರ ಭಾಷೆಯ ಸಂತತಿಯನ್ನಾಡುವ ಉದಿ ಎಂಬ ಸಣ್ಣ ಕ್ರೈಸ್ತ ಜನಾಂಗ ಅಜರ್ಬೈಜಾನಿನಲ್ಲಿ ಇಂದಿಗೂ ಉಂಟು. ಈ ನಿಜವನ್ನು ಹಿಡಿದು, ಕರಬಾಖಿನ ಇಗರ್ಜಿಗಳೆಲ್ಲ ಅಲ್ಬೇನಿಯದವು, ಆರ್ಮೇನಿಯನ್ನರು ಆಮೇಲೆ ಬಂದು ತಮ್ಮ ಬರಹ ಕೆತ್ತಿದರು ಎಂಬ ಸಿದ್ಧಾಂತವನ್ನು ಬಾಕು ನಗರದ ಪಂಡಿತರು ಹೂಡಿದರು. 2022ರ ಫೆಬ್ರವರಿಯಲ್ಲಿ ಅಲ್ಲಿನ ಸಂಸ್ಕೃತಿ ಸಚಿವರು ಇಂಥ 'ಸೇರ್ಪಡೆ'ಗಳನ್ನು ತೆಗೆಯಲು ಒಂದು ಸಮಿತಿಯನ್ನೇ ಘೋಷಿಸಿ, ಹೊರಗಿನ ಟೀಕೆಗೆ ಅಂಜಿ ಮಾತನ್ನು ಮೆದುಗೊಳಿಸಿದರು. ಗೋಡೆಯ ಶಾಸನಗಳನ್ನು ಅಳಿಸಿಬಿಟ್ಟರೆ ಗೋಡೆ ಯಾರದಾದರೂ ಆಗಬಹುದು. ಶಾಸನದ ಮಹತ್ತ್ವ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ನೆರೆಯವರಿಗೆ ಇದು ಕಹಿಯಾಗಬಹುದು. ಅಂತರರಾಷ್ಟ್ರೀಯ ಕಾನೂನಿನ ದೃಷ್ಟಿಯಲ್ಲಿ ಕರಬಾಖ್ ಅಜರ್ಬೈಜಾನಿನ ನೆಲವೇ. 1988ರಲ್ಲಿ ಸುಮ್ಗಾಯಿತಿನಲ್ಲಿ ಆರ್ಮೇನಿಯನ್ನರ ಕೊಲೆಯಾಯಿತು. 1992ರಲ್ಲಿ ಖೊಜಾಲಿಯಲ್ಲಿ ಅಜರಿಗಳ ಕೊಲೆಯಾಯಿತು. 1994ರ ಕದನವಿರಾಮದ ಹೊತ್ತಿಗೆ ಆರ್ಮೇನಿಯನ್ನರು ಕರಬಾಖನ್ನಲ್ಲದೆ ಸುತ್ತಲಿನ ಏಳು ಜಿಲ್ಲೆಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಹಿಡಿದಿದ್ದರು. ಐದು ಲಕ್ಷಕ್ಕೂ ಮಿಕ್ಕಿ ಅಜರಿಗಳು ಮನೆ ಕಳೆದುಕೊಂಡರು. ಅಗ್ದಾಮ್ ಎಂಬ ಪಟ್ಟಣ ಕಲ್ಲುಕಲ್ಲಾಗಿ ಕಳಚಿಹೋಯಿತು, ಅಲ್ಲಿನ ಮಸೀದಿಯಲ್ಲಿ ದನ ಕಟ್ಟಿದರು. 2019ರಲ್ಲಿ ಶುಷಿಯ ಮಸೀದಿಯೊಂದನ್ನು ಆರ್ಮೇನಿಯದವರು ಜೀರ್ಣೋದ್ಧಾರ ಮಾಡಿದಾಗ ಅದನ್ನು ಪರ್ಷಿಯದವರ ಮಸೀದಿಯೆಂದರು. ಅಜರಿಗಳದೆಂಬ ಮಾತು ಬಾಯಿಂದ ಬರಲಿಲ್ಲ. ಹೆಸರಳಿಸುವ ವಿದ್ಯೆ ಒಂದೇ ಕಡೆಯವರ ಸ್ವತ್ತಲ್ಲ.

2020ರ ಸೆಪ್ಟೆಂಬರ್ 27ರಿಂದ 44 ದಿನ ನಡೆದ ಯುದ್ಧದಲ್ಲಿ ಅಜರ್ಬೈಜಾನು ಕಳೆದುಕೊಂಡುದರ ಬಹುಭಾಗವನ್ನು ಹಿಂದಕ್ಕೆ ಪಡೆಯಿತು. ಅಕ್ಟೋಬರ್ 8ರಂದು ಶುಷಿಯ ಗಜಂಚೆತ್ಸೋತ್ಸ್ ಇಗರ್ಜಿಯ ಮೇಲೆ ಒಂದೇ ದಿನ ಎರಡು ಸಲ ಕ್ಷಿಪಣಿ ಬಿತ್ತು. ದಾದಿವಾಂಕ್ ಮಠದ ಕಣಿವೆಯನ್ನು ಬಿಟ್ಟುಕೊಡಬೇಕಾಗಿ ಬಂದಾಗ ಜನ ಗಂಟೆಗಳನ್ನು ಇಳಿಸಿಕೊಂಡು ಹೋದರು. ಕೆಲವರು ತಮ್ಮ ಮನೆಗೆ ತಾವೇ ಬೆಂಕಿಯಿಟ್ಟರು. ಅಂತರರಾಷ್ಟ್ರೀಯ ನ್ಯಾಯಾಲಯವು 2021ರ ಡಿಸೆಂಬರ್ 7ರಂದು, ಆರ್ಮೇನಿಯನ್ನರ ಇಗರ್ಜಿ, ಸ್ಮಾರಕ, ಸ್ಮಶಾನಗಳ ಧ್ವಂಸವನ್ನು ತಡೆಯುವಂತೆ ಅಜರ್ಬೈಜಾನಿಗೆ ಆಜ್ಞೆಮಾಡಿತು. 2022ರ ಡಿಸೆಂಬರಿನಿಂದ ಲಾಚಿನ್ ದಾರಿ ಮುಚ್ಚಿತು. 2023ರ ಸೆಪ್ಟೆಂಬರ್ 19ರಂದು ಮತ್ತೆ ದಾಳಿ. ಒಂದೇ ದಿನದಲ್ಲಿ ಮುಗಿಯಿತು. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ, ಎಂದರೆ ಹೆಚ್ಚುಕಡಿಮೆ ಅಲ್ಲಿದ್ದ ಎಲ್ಲರೂ, ಹೊರಟುಹೋದರು. ಶುಷಿಯಲ್ಲಿದ್ದ 'ಹಸುರು ಇಗರ್ಜಿ'ಯು 2024ರ ಏಪ್ರಿಲ್ ತಿಂಗಳ ಉಪಗ್ರಹ ಚಿತ್ರದಲ್ಲಿ ಕಾಣಲಿಲ್ಲ.

ಈಗ ಪತ್ರದ ಪ್ರಶ್ನೆಗೆ ಬರುತ್ತೇವೆ. ಧರ್ಮಯುದ್ಧವಾಗಿದ್ದರೆ ಯಾರು ಯಾರ ಬೆನ್ನಿಗೆ ನಿಲ್ಲಬೇಕಿತ್ತು? ನಿಂತವರು ಯಾರು? ಅಜರ್ಬೈಜಾನಿನಂತೆಯೇ ಷಿಯಾ ಬಹುಸಂಖ್ಯಾತ ದೇಶವಾದ ಇರಾನು ಆರ್ಮೇನಿಯದ ಸ್ನೇಹಿತ. ತನ್ನ ನೆಲದ ಆರ್ಮೇನಿಯನ್ ಮಠಗಳನ್ನು ಕಾಪಾಡಿ 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿಸಿದ ದೇಶ. ಯೆಹೂದ್ಯರ ಇಸ್ರೇಲು ಅಜರ್ಬೈಜಾನಿಗೆ ಆಯುಧ ಮಾರಿತು. ಆರ್ಥೊಡಾಕ್ಸ್ ರಷ್ಯದ ಶಾಂತಿಪಾಲಕರು 2023ರಲ್ಲಿ ಸುಮ್ಮನೆ ನೋಡುತ್ತ ನಿಂತರು. ಕ್ರೈಸ್ತ ಯುರೋಪು 2022ರ ಜುಲೈಯಲ್ಲಿ ಬಾಕುವಿನಿಂದ ಅನಿಲ ಕೊಳ್ಳುವುದನ್ನು ಇಮ್ಮಡಿ ಮಾಡಲು ಕಾಗದ ಬರೆದುಕೊಟ್ಟಿತು. ನಮ್ಮ ಭಾರತವೂ 2022ರಲ್ಲಿ ಪಿನಾಕ ರಾಕೆಟ್ಟುಗಳನ್ನು ಆರ್ಮೇನಿಯಕ್ಕೆ ಮಾರಲು ಒಪ್ಪಿತು. ಅದು ಶಿಲುಬೆಯ ಮೇಲಿನ ಭಕ್ತಿಯಿಂದಲ್ಲವೆಂಬುದು ಸ್ಪಷ್ಟ. ಆದ್ದರಿಂದ ನೆರೆಯವರ ವಾದ ನಿಲ್ಲುವುದಿಲ್ಲ.

ಹಾಗೆಂದು ನಮ್ಮ ಓದುಗರು ಗೆದ್ದೆವೆಂದು ಬೀಗಬೇಕಾಗಿಲ್ಲ. ಬರಿಯ ನೆಲದ ಜಗಳವಾಗಿದ್ದರೆ ಜನ ಹೊರಟುಹೋದ ಮೇಲೆ ಗೋರಿಕಲ್ಲಿನ ಮೇಲೆ ಸುತ್ತಿಗೆ ಬೀಳುವ ಅಗತ್ಯವೇನಿತ್ತು? ನೆಲ ಅದಾಗಲೇ ಕೈಸೇರಿತ್ತಲ್ಲ! ಹಿಂದೆ ಇಲ್ಲಿ ಇದ್ದವರು ಯಾರೆಂಬುದಕ್ಕೆ ಇಗರ್ಜಿಯೇ ಸಾಕ್ಷಿಯಾದಾಗ ಸಾಕ್ಷಿಯ ಬಾಯಿ ಮುಚ್ಚಿಸುವುದು ರಾಜಕಾರಣದ ಕೆಲಸವಾಗುತ್ತದೆ. ದೇವರಿಗೂ ಅದಕ್ಕೂ ಸಂಬಂಧವಿಲ್ಲದಿರಬಹುದು. ಏಟು ಬೀಳುವುದು ಮಾತ್ರ ದೇವರ ಮನೆಗೆ.

2025ರ ಆಗಸ್ಟ್ 8ರಂದು ವಾಷಿಂಗ್ಟನ್ನಿನಲ್ಲಿ ಎರಡು ದೇಶಗಳ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಮೊದಲ ರುಜು ಹಾಕಿದರು. ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಒಂದು ಸಾರಿಗೆ ಮಾರ್ಗದ ಮಾತೂ ಆಯಿತು. ಕರಬಾಖಿನಿಂದ ಹೊರಟವರ ಮರಳಿಕೆಯ ಬಗ್ಗೆಯಾಗಲಿ, ಅಲ್ಲಿ ಉಳಿದ ಇಗರ್ಜಿಗಳ ಬಗ್ಗೆಯಾಗಲಿ ಪ್ರಕಟವಾದ ಕರಡಿನಲ್ಲಿ ಪ್ರತ್ಯೇಕ ವಿಧಿಯಿಲ್ಲ. ಆರ್ಮೇನಿಯದ ಒಳಗೂ ಅದೇ ವರ್ಷ ಸರಕಾರಕ್ಕೂ ಧರ್ಮಸಭೆಗೂ ಕಲಹ ಹತ್ತಿತು. ಕೆಲವು ಧರ್ಮಾಧ್ಯಕ್ಷರು ಸೆರೆಗೆ ಹೋದರು. ಕಳೆದುದನ್ನು ಮರೆತು ಇದ್ದ ನೆಲವನ್ನು ಉಳಿಸಿಕೊಳ್ಳೋಣವೆಂದು ಪ್ರಧಾನಿ, ಮರೆತರೆ ಉಳಿಯುವುದೇನೆಂದು ಗುರುಗಳು. ಗಡಿ ಠಾಣೆಗಳಲ್ಲಿ ಪಾಸ್‌ಪೋರ್ಟಿಗೆ ಒತ್ತುವ ಮುದ್ರೆಯಿಂದ ಅರಾರತ್ ಬೆಟ್ಟದ ಚಿತ್ರವನ್ನು ತೆಗೆದುಬಿಡಲು ಅಲ್ಲಿನ ಸರಕಾರ 2025ರಲ್ಲಿ ತೀರ್ಮಾನಿಸಿತು. ಪ್ರಧಾನಿಯ ಮಾತಿನಲ್ಲಿ ವಿವೇಕವಿಲ್ಲದಿಲ್ಲ: ಚಿಕ್ಕ ದೇಶ, ಮುಚ್ಚಿದ ಗಡಿ, ಕೈಬಿಟ್ಟ ಮಿತ್ರರು. ಆದರೂ ಮುದ್ರೆಯಿಂದ ತೆಗೆದ ಬೆಟ್ಟ ಕಿಟಕಿಯಿಂದ ಹೋಗುವುದಿಲ್ಲವಲ್ಲ, ಬೆಳಗಾದರೆ ಅದನ್ನು ನೋಡುವ ಅಜ್ಜಿಗೆ ಏನು ಹೇಳುತ್ತಾರೋ ಎಂದು ನಮಗೆ ಚಿಂತೆ.

ಪತ್ರ ಬರೆದ ಹಿರಿಯರಲ್ಲಿ ಒಂದು ಬಿನ್ನಹ. ಮುಂದೆ ಎಂದಾದರೂ ಚೆನ್ನೈಗೆ ಹೋಗುವ ಸಂದರ್ಭ ಬಂದರೆ ನೆರೆಯವರನ್ನೂ ಕರೆದುಕೊಂಡು ಆ ಅರಮನೆಯವನ ಬೀದಿಗೆ ಹೋಗಿಬನ್ನಿ. ಬೆಳಗಿನ ಹೊತ್ತಿಗೇ ಹೋಗಿ, ಮಧ್ಯಾಹ್ನ ಕಳೆದರೆ ಬಾಗಿಲು ಹಾಕುತ್ತಾರೆ. ಮತ್ತು ನಿಮ್ಮ ನೆರೆಯವರ ಅಜ್ಜ ಘಟ್ಟ ಹತ್ತುವಾಗ ಸುರಿಯಾನಿಯ ಹಳೆಯ ಪ್ರಾರ್ಥನಾ ಪುಸ್ತಕವೇನಾದರೂ ತಂದಿದ್ದರೋ ಕೇಳಿ ನೋಡಿ. ಇದ್ದರೆ ಗೆದ್ದಲು ಹತ್ತದಂತೆ ಕಾಪಾಡಿ, ನಮಗೊಂದು ಕಾರ್ಡು ಬರೆಯಿರಿ.